ಎಲುಬಿನ ಗುಳಿಗೆಯಿಂದ ಎದೆ ಉರಿ: ತಾಳಿಕೊಳ್ಳಬೇಕಾ, ಬದಲಿಸಬೇಕಾ?

ಸಾಧನಕೇರಿ ಸೊಸೆ, ಧಾರವಾಡ | ಸೋಮವಾರ ರಾತ್ರಿ 9:40

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಅತ್ತೆಗೆ 69 ವರ್ಷ. ದೀಪಾವಳಿಯ ಹೊತ್ತಿಗೆ ಬಚ್ಚಲಲ್ಲಿ ಕಾಲು ಜಾರಿತು. ದೊಡ್ಡದಾಗಿ ಬೀಳಲಿಲ್ಲ, ಕೈ ಊರಿದರು ಅಷ್ಟೇ. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರ್ "ಇಷ್ಟಕ್ಕೇ ಮುರಿಯಬಾರದಿತ್ತು" ಎಂದು ಎಲುಬು ಎಷ್ಟು ದಟ್ಟ ಇದೆ ಎಂದು ನೋಡುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಅದರ ಅಂಕ, ಟಿ ಸ್ಕೋರ್, ಚಪ್ಪೆಯಲ್ಲಿ (ಸೊಂಟದ ಕೀಲಿನಲ್ಲಿ) ಮೈನಸ್ 2.7, ಬೆನ್ನಲ್ಲಿ ಮೈನಸ್ 3.1. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸವೆತ ಅಂತೆ. ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಗುಳಿಗೆ ಶುರುವಾಯಿತು, ಜೊತೆಗೆ ಕ್ಯಾಲ್ಸಿಯಂ.

ಪ್ರತಿ ರವಿವಾರ ಬೆಳಿಗ್ಗೆ ನುಂಗಲೆಂದು ಹಿಂದಿನ ರಾತ್ರಿಯೇ ಪಟ್ಟಿಯಿಂದ ಒಂದು ಗುಳಿಗೆ ಕತ್ತರಿಸಿ ಅವರ ದಿಂಬಿನ ಪಕ್ಕ ಇಡುತ್ತಿದ್ದೆ. "ನುಂಗಿದ್ರಾ?" ಎಂದರೆ "ಹೂಂ" ಎನ್ನುತ್ತಿದ್ದರು. ಸಂಕ್ರಾಂತಿಗೆ ಅಡುಗೆಮನೆ ಡಬ್ಬಿ ತೊಳೆಯುವಾಗ ಹಳೇ ಅರಿಶಿನ ಡಬ್ಬಿಯಲ್ಲಿ ಐದು ಗುಳಿಗೆ ಸಿಕ್ಕವು. ಅರಿಶಿನ ಮೆತ್ತಿಕೊಂಡು ಹಳದಿಯಾಗಿದ್ದವು!

ಕೇಳಿದರೆ, ನಾಲ್ಕನೇ ವಾರಕ್ಕೇ ಎದೆ ಉರಿ ಶುರುವಾಗಿತ್ತಂತೆ. ಎರಡು ದಿನ ರೊಟ್ಟಿ ಇಳಿಯುತ್ತಿರಲಿಲ್ಲವಂತೆ. "ನೀ ಬೈತಿ ಅಂತ ಸುಮ್ಮನಿದ್ದೆ" ಅಂದರು. ಅದರ ಮೇಲೆ ಅವರ ತಂಗಿ "ಈ ಗುಳಿಗೆ ತಿಂದರೆ ದವಡೆ ಎಲುಬು ಕೊಳೆಯುತ್ತದೆ" ಎಂಬ ಒಂದು ವಾಟ್ಸಾಪ್ ಸಂದೇಶ ಕಳಿಸಿದ್ದಾರೆ. ಈಗ ಯಾವ ಔಷಧಿಯೂ ಬೇಡ ಎಂದು ಹಟ ಹಿಡಿದಿದ್ದಾರೆ.

ಡಾಕ್ಟರ್ ಮೂರು ದಾರಿ ಹೇಳಿದ್ದಾರೆ. ಅದೇ ಗುಳಿಗೆಯನ್ನು ಸರಿಯಾಗಿ ಇನ್ನೊಮ್ಮೆ ನೋಡುವುದು, ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಸಿಡ್ ಸಲೈನ್, ಇಲ್ಲವೇ ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್. ಮುಂದಿನ ವಾರ ಏನಾದರೊಂದು ಹೇಳಬೇಕು. ಇವನ್ನು ತೆಗೆದುಕೊಂಡವರು ಇದ್ದರೆ ನಿಮಗೆ ಏನಾಯಿತು, ಹೇಗೆ ನಿಭಾಯಿಸಿದಿರಿ, ದಯವಿಟ್ಟು ಬರೆಯಿರಿ.

ಗುಳಿಗೆ ಅಂಗಡಿ, ಹುಬ್ಬಳ್ಳಿ | ಸೋಮವಾರ ರಾತ್ರಿ 10:25

ಔಷಧಿ ಅಂಗಡಿ ಇಟ್ಟು 22 ವರ್ಷವಾಯಿತು. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬದಲಿಸುವ ಮಾತು ಆಮೇಲೆ. ಅತ್ತೆ ಆ ಗುಳಿಗೆಯನ್ನು ಹೇಗೆ ನುಂಗುತ್ತಿದ್ದರು? ಎಷ್ಟು ಹೊತ್ತಿಗೆ, ಯಾವುದರ ಜೊತೆ, ನುಂಗಿದ ಮೇಲೆ ಏನು ಮಾಡುತ್ತಿದ್ದರು? "ಸರಿಯಾಗೇ ನುಂಗ್ತೀನಿ" ಅಂತಾರೆ. ಅದನ್ನು ಕೇಳಿ ಎದ್ದು ಬರಬೇಡಿ. ಎದ್ದಾಗಿನಿಂದ ನಾಷ್ಟಾ ತನಕ ಇಡೀ ಬೆಳಗಿನ ಕಥೆ ಹೇಳಿಸಿ.

ಸಾಧನಕೇರಿ ಸೊಸೆ, ಧಾರವಾಡ | ಮಂಗಳವಾರ ಬೆಳಿಗ್ಗೆ 8:15

ಹೇಳಿಸಿದೆ. ತಲೆ ಮೇಲೆ ಕೈ ಹೊತ್ತು ಕುಳಿತಿದ್ದೇನೆ.

ಐದಕ್ಕೆ ಏಳುತ್ತಾರೆ. ಹಾಲು ಹಾಕಿದ ಚಹಾ ಮಾಡಿಕೊಂಡು ಅದರ ಒಂದು ಗುಟುಕಿಗೆ ಗುಳಿಗೆ. ಆಮೇಲೆ ಬಾಗಿ ಅಂಗಳ ಗುಡಿಸಿ, ನೀರು ಹಾಕಿ ರಂಗೋಲಿ. ಚಳಿ ಅಲ್ವಾ, ಒಳಗೆ ಬಂದು ಕೌದಿ ಹೊದ್ದು ಇನ್ನೊಂದು ತಾಸು ಮಲಗುವುದು. ನಡುವೆ ಎಲೆ ಅಡಿಕೆ, ಸುಣ್ಣ ಹಚ್ಚಿಕೊಂಡು.

ದವಾಖಾನೆಯಲ್ಲಿ "ಬರೀ ಹೊಟ್ಟೆಯಲ್ಲಿ" ಎಂದಷ್ಟೇ ಹೇಳಿದ್ದರು. ಅವರ ಲೆಕ್ಕದಲ್ಲಿ ಚಹಾ ಎಂದರೆ ಬರೀ ಹೊಟ್ಟೆಯೇ!

ಗುಳಿಗೆ ಅಂಗಡಿ, ಹುಬ್ಬಳ್ಳಿ | ಮಂಗಳವಾರ ಮಧ್ಯಾಹ್ನ 2:50

ನಗು ಬಂತು, ಕ್ಷಮಿಸಿ. ಆದರೆ ನಮ್ಮ ಕಡೆ ನೂರರಲ್ಲಿ ಅರ್ಧ ಜನರ ಕಥೆ ಇದೇ ಇರಬೇಕು ಅಂತ ನನ್ನ ಅಂದಾಜು.

ಈ ಗುಳಿಗೆಯ ಗುಣವೇ ವಿಚಿತ್ರ. ಎಷ್ಟೇ ಸರಿಯಾಗಿ ನುಂಗಿದರೂ ರಕ್ತಕ್ಕೆ ಸೇರುವುದು ಶೇಕಡಾ 1ಕ್ಕಿಂತ ಕಡಿಮೆ. ಬರೀ ಕಾಫಿಯ ಜೊತೆ ನುಂಗಿದರೇ ಅದರಲ್ಲೂ ಶೇಕಡಾ 60 ಹೋಗುತ್ತದೆ. ಹಾಲಿನ ಚಹಾ, ಸುಣ್ಣ ಇವುಗಳಲ್ಲಿ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಸಿಕ್ಕರೆ ಔಷಧಿ ಅದಕ್ಕೇ ಅಂಟಿಕೊಂಡು ಹೊರಗೆ ಹೋಗುತ್ತದೆ. ಇನ್ನು ಗುಳಿಗೆ ಅನ್ನನಾಳದ ಗೋಡೆಗೆ ತಾಗಿ ನಿಂತರೆ ಅಲ್ಲಿ ಸುಡುತ್ತದೆ. ಒಂದು ಗುಟುಕಿನಲ್ಲಿ ನುಂಗಿ, ಬಾಗಿ, ಮಲಗಿದರೆ ಅದು ಕೆಳಗೆ ಹೇಗೆ ಇಳಿಯಬೇಕು? ಅಂದರೆ ಅತ್ತೆಯವರಿಗೆ ಔಷಧಿಯ ಲಾಭ ಸಿಗಲಿಲ್ಲ, ಉರಿ ಮಾತ್ರ ಸಿಕ್ಕಿತು.

ಸರಿಯಾದ ಕ್ರಮ ಹೀಗೆ. ಎದ್ದು ಬಾಯಿ ತೊಳೆದ ತಕ್ಷಣ, ಏನೂ ಕುಡಿಯುವ ಮುಂಚೆ, ದೊಡ್ಡ ಲೋಟದ ತುಂಬಾ ಸಾದಾ ನೀರಿನ ಜೊತೆ. ಚೀಪಬಾರದು, ಅಗಿಯಬಾರದು. ಆಮೇಲೆ ಅರ್ಧ ಗಂಟೆ ಕುಳಿತಿರಬೇಕು ಇಲ್ಲವೇ ಅಡ್ಡಾಡಬೇಕು. ಬಾಗುವ ಕೆಲಸ ಬೇಡ, ಮಲಗುವುದಂತೂ ಬೇಡವೇ ಬೇಡ. ನಾಷ್ಟಾ ಆದ ಮೇಲೆ ಬೇಕಾದರೆ ಮಲಗಲಿ. ತಿಂಗಳಿಗೊಮ್ಮೆ ನುಂಗುವ ಐಬ್ಯಾಂಡ್ರೊನೇಟ್ 150 ಮಿಲಿಗ್ರಾಂ ಆದರೆ ಅರ್ಧ ಗಂಟೆಯ ಬದಲು ಒಂದು ಗಂಟೆ. ಕ್ಯಾಲ್ಸಿಯಂ ಗುಳಿಗೆ ಆ ದಿನ ಮಧ್ಯಾಹ್ನದ ಊಟಕ್ಕೆ ಹೋಗಲಿ.

ಇನ್ನೊಂದು. ಉರಿಗೆ ಅಂತ ನನ್ನ ಅಂಗಡಿಗೆ ಬಂದು ಪ್ಯಾಂಟೊಪ್ರಜೋಲ್ ಒಯ್ಯುವವರು ಬಹಳ. ಅದು ಉರಿಯನ್ನು ಮುಚ್ಚಿಡಬಹುದು, ಅನ್ನನಾಳದ ಹುಣ್ಣು ಹಾಗೇ ಉಳಿಯಬಹುದು. ನುಂಗುವಾಗ ನೋವು, ಊಟ ಸಿಕ್ಕಿಕೊಂಡಂತೆ ಅನಿಸುವುದು ಇದ್ದರೆ ಗುಳಿಗೆ ನಿಲ್ಲಿಸಿ ಡಾಕ್ಟರ್‌ಗೆ ಹೇಳಲೇಬೇಕು. ರೊಟ್ಟಿ ಇಳಿಯುತ್ತಿರಲಿಲ್ಲ ಎಂದಿರಿ. ಅದನ್ನು ಅಲ್ಲಿ ಒತ್ತಿ ಹೇಳಿ.

ಹಳೇ ಹುಬ್ಬಳ್ಳಿ ಹುಡುಗ | ಮಂಗಳವಾರ ಸಂಜೆ 6:05

ಇಷ್ಟೆಲ್ಲ ತಾಪತ್ರಯ ಯಾಕೆ? ನಮ್ಮ ಅಜ್ಜಿ 90 ವರ್ಷ ಬದುಕಿದಳು, ಒಂದು ಗುಳಿಗೆ ನುಂಗಲಿಲ್ಲ. ರಾಗಿ ತಿನ್ನಿಸಿ, ಹಾಲು ಕುಡಿಸಿ, ಬಿಸಿಲಿಗೆ ಕೂರಿಸಿ. ಔಷಧಿ ಕಂಪನಿಗಳ ಆಟ ಇದು.

ಗದಗಿನ ಅಕ್ಕೋರು | ಮಂಗಳವಾರ ರಾತ್ರಿ 8:30

ತಮ್ಮಾ, ನಿಮ್ಮ ಅಜ್ಜಿ ಜೋಳ ತಿಂದು ಬದುಕಿದವಳು, ರಾಗಿ ಅಲ್ಲ. ಧಾರವಾಡ ಗದಗ ಕಡೆ ದಿನಾ ರಾಗಿ ಯಾರು ತಿನ್ನುತ್ತಾರೆ? ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೋಳದಲ್ಲಿ 30 ಕೂಡ ಇಲ್ಲ. ನಮ್ಮ ಊಟವನ್ನು ಕಾಪಾಡುವುದು ಎಳ್ಳು, ಮೊಸರು, ಗಟ್ಟಿ ಮಜ್ಜಿಗೆ, ನುಗ್ಗೆ ಸೊಪ್ಪು. ಭೋಗಿ ದಿನ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತೇವಲ್ಲ, ಅದನ್ನು ವರ್ಷವಿಡೀ ಮಾಡಬೇಕು ಅಂತ ನನ್ನ ಆಸೆ.

ಊಟ ಬೇಕು, ಬಿಸಿಲೂ ಬೇಕು. ಆದರೆ ಒಮ್ಮೆ ಎಲುಬು ಮುರಿದ ಮೇಲೆ ಅಷ್ಟೇ ಸಾಲದು. ನಮ್ಮ ಎಲುಬು ದಿನಾ ಸ್ವಲ್ಪ ಸವೆದು ಸ್ವಲ್ಪ ಕಟ್ಟುತ್ತಿರುತ್ತದೆ. ಮುಟ್ಟು ನಿಂತ ಮೇಲೆ ಸವೆಯುವುದೇ ಜಾಸ್ತಿ. ಸವೆಯುವುದನ್ನು ತಡೆಯದೆ ಹಾಲು ಕುಡಿಸಿದರೆ ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ.

ಈಗ ಸೊಸೆಯವರಿಗೆ. ನನಗೆ 66. ಶಾಲೆಯಲ್ಲಿ 31 ವರ್ಷ ಕಲಿಸಿದ್ದೇನೆ. ಮೂರು ವರ್ಷದಿಂದ ಜೊಲೆಡ್ರೋನಿಕ್ ಸಲೈನ್ ನಡೆದಿದೆ. ಮೊದಲನೆಯದನ್ನು ಒಂದು ಶುಕ್ರವಾರ ಹುಬ್ಬಳ್ಳಿಗೆ ಹೋಗಿ ಹಚ್ಚಿಸಿಕೊಂಡೆ. ಅರ್ಧ ತಾಸು ಸಹ ಆಗಲಿಲ್ಲ. "ಇಷ್ಟೇನಾ?" ಎಂದು ಮಿರ್ಚಿ ಭಜಿ ತಿಂದು ಬಸ್ಸು ಹತ್ತಿದೆ.

ರಾತ್ರಿ ಎರಡಕ್ಕೆ ಶುರುವಾಯಿತು. ಚಳಿ, 102 ಜ್ವರ, ತೊಡೆಯಿಂದ ಹಿಡಿದು ಬೆರಳಿನ ಗೆಣ್ಣಿನ ತನಕ ನೋವು. ಡೆಂಗಿ ಅಂತಲೇ ತಿಳಿದೆ. ನಮ್ಮವರು ಡೆಂಗಿ ಪರೀಕ್ಷೆಗೆ ರಕ್ತ ಕೊಡಿಸಿಯೂ ಬಂದರು. ಅಲ್ಲಿ ಇದ್ದ ಹುಡುಗಿಯೇ "ಅಜ್ಜಿ, ಏನಾದರೂ ಇಂಜೆಕ್ಷನ್ ಮಾಡಿಸಿದ್ರಾ?" ಎಂದು ಕೇಳಿದಳು. ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಆ ಸಿಟ್ಟು ಇನ್ನೂ ಇದೆ. ಜ್ವರ ಬರುತ್ತದೆ ಎಂದು ಗೊತ್ತಿದ್ದರೆ ಅದು ಜ್ವರ. ಗೊತ್ತಿಲ್ಲದಿದ್ದರೆ ಸಾವು ಬಂದ ಹಾಗೆ.

ಸೋಮವಾರಕ್ಕೆ ಎಲ್ಲ ಇಳಿಯಿತು. ಎರಡನೇ ವರ್ಷ ತಯಾರಾಗಿ ಹೋದೆ. ಹಿಂದಿನ ದಿನದಿಂದಲೇ ನೀರು, ಮಜ್ಜಿಗೆ ಚೆನ್ನಾಗಿ ಕುಡಿದೆ. ಡಾಕ್ಟರನ್ನು ಕೇಳಿ ಸಲೈನ್ ಹಚ್ಚುವ ಹೊತ್ತಿಗೇ ಪ್ಯಾರಾಸಿಟಮಾಲ್ ನುಂಗಿದೆ, ಮೂರು ದಿನ ಹೊತ್ತೊತ್ತಿಗೆ ಮುಂದುವರಿಸಿದೆ. ಮೈ ಸ್ವಲ್ಪ ಭಾರ ಅನಿಸಿತು, ಅಷ್ಟೇ. ಮೂರನೇ ವರ್ಷ ಅದೂ ಇಲ್ಲ.

ಗುಳಿಗೆ ಅಂಗಡಿ, ಹುಬ್ಬಳ್ಳಿ | ಮಂಗಳವಾರ ರಾತ್ರಿ 9:10

ಅಕ್ಕೋರು ಹೇಳಿದ್ದು ಲೆಕ್ಕಕ್ಕೂ ಸರಿ ಹೊಂದುತ್ತದೆ. 2007ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 7,700ಕ್ಕೂ ಹೆಚ್ಚು ಹೆಂಗಸರಿದ್ದರು. ಮೊದಲ ಸಲೈನ್ ಆದ ಮೇಲೆ ಮೂರರಲ್ಲಿ ಒಬ್ಬರಿಗೆ ಇಂಥ ಜ್ವರ, ಮೈ ಕೈ ನೋವು. ಎರಡನೆಯದಕ್ಕೆ ಅದು ಶೇಕಡಾ 7ರ ಒಳಗೆ ಬಂತು. ಮೂರು ವರ್ಷದಲ್ಲಿ ಬೆನ್ನೆಲುಬಿನ ಮುರಿತ ಶೇಕಡಾ 70, ಚಪ್ಪೆ ಮುರಿತ ಶೇಕಡಾ 41 ಕಡಿಮೆಯಾಯಿತು. ಮೂರು ದಿನದ ಜ್ವರವನ್ನು ಇದರ ಪಕ್ಕ ಇಟ್ಟು ನೋಡಬೇಕು.

ಆದರೆ ಸಲೈನ್‌ಗೆ ಮುಂಚೆ ಎರಡು ರಕ್ತ ಪರೀಕ್ಷೆ ಬಿಡಬೇಡಿ. ಒಂದು ಕಿಡ್ನಿಗೆ, ಕ್ರಿಯಾಟಿನಿನ್. ಅದರಿಂದ ಲೆಕ್ಕ ಹಾಕಿದ ಕ್ಲಿಯರೆನ್ಸ್ (ಕಿಡ್ನಿ ರಕ್ತ ಸೋಸುವ ವೇಗ) 35ಕ್ಕಿಂತ ಕಡಿಮೆ ಇದ್ದರೆ ಈ ಔಷಧಿ ಕೊಡುವುದಿಲ್ಲ. ಇನ್ನೊಂದು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ಡಿ ಕಡಿಮೆ ಇದ್ದಾಗ ಸಲೈನ್ ಹಚ್ಚಿದರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಬಾಯಿ ಸುತ್ತ, ಬೆರಳ ತುದಿಗೆ ಜುಮ್ ಅನ್ನುವುದು, ಸ್ನಾಯು ಹಿಡಿಯುವುದು ಅದರ ಗುರುತು.

ಬ್ಯಾಡಗಿ ಮೆಣಸಿನಕಾಯಿ, ಹಾವೇರಿ ಜಿಲ್ಲೆ | ಬುಧವಾರ ಬೆಳಿಗ್ಗೆ 6:20

ಆರು ತಿಂಗಳ ಇಂಜೆಕ್ಷನ್ ಬಗ್ಗೆ ನಾನು ಬರೆಯಲೇಬೇಕು. ರಾತ್ರಿಯೆಲ್ಲ ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಅವ್ವನಿಗೆ ಡೆನೊಸುಮ್ಯಾಬ್ 60 ಮಿಲಿಗ್ರಾಂ ನಡೆದಿತ್ತು. ಹೊಟ್ಟೆಯ ಚರ್ಮದ ಕೆಳಗೆ ಒಂದು ಸಣ್ಣ ಸೂಜಿ. ಜ್ವರ ಇಲ್ಲ, ಎದೆ ಉರಿ ಇಲ್ಲ. ಒಂದೂ ತೊಂದರೆ ಕೊಡದ ಔಷಧಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆವು. ಐದು ಇಂಜೆಕ್ಷನ್ ಆದವು. ಆರನೆಯದು ಬರುವ ಹೊತ್ತಿಗೆ ಮೆಣಸಿನಕಾಯಿ ಸುಗ್ಗಿ. ಒಣಗಿಸುವುದು, ಮಾರ್ಕೆಟ್ಟಿಗೆ ಚೀಲ ಸಾಗಿಸುವುದು, ಅದರ ನಡುವೆ ತಂಗಿಯ ಮದುವೆ. "ಅವ್ವ ಆರಾಮ ಇದ್ದಾಳೆ, ಮದುವೆ ಮುಗಿಸಿ ಹೋದರಾಯಿತು" ಎಂದುಕೊಂಡೆವು. ಸೂಜಿ ಆಗಿ ಒಂಬತ್ತು ತಿಂಗಳು ದಾಟಿತು.

ಒಂದು ದಿನ ನೀರಿನ ಕೊಡ ಎತ್ತಿದಳು. ಬೆನ್ನಲ್ಲಿ ಚಟ್ ಅಂದಿತು. ಎರಡು ವಾರದಲ್ಲಿ ಇನ್ನೊಂದು. ಎಕ್ಸ್‌ರೇಯಲ್ಲಿ ಮೂರು ಮಣಿ ಕುಸಿದಿದ್ದವು. ಎರಡು ಅಂಗುಲ ಕುಳ್ಳಗಾಗಿದ್ದಾಳೆ ನಮ್ಮ ಅವ್ವ.

ಆಮೇಲೆ ಬೇರೆ ದವಾಖಾನೆಯ ಡಾಕ್ಟರ್ ತಿಳಿಸಿ ಹೇಳಿದರು. ಅಲೆಂಡ್ರೊನೇಟ್, ಜೊಲೆಡ್ರೋನಿಕ್ ಎಲುಬಿನಲ್ಲೇ ಹೋಗಿ ಕೂಡುತ್ತವೆ. ನಿಲ್ಲಿಸಿದರೂ ಕೆಲ ಕಾಲ ಕೆಲಸ ಮಾಡುತ್ತವೆ. ಡೆನೊಸುಮ್ಯಾಬ್ ಹಾಗಲ್ಲ. ಅದು ಎಲುಬು ಸವೆಸುವ ಕಣಗಳನ್ನು ಕಟ್ಟಿ ಹಾಕಿರುತ್ತದೆ. ಆರು ತಿಂಗಳಾದ ಮೇಲೆ ಹಗ್ಗ ಬಿಚ್ಚಿದ ಹೋರಿಗಳ ಹಾಗೆ ಎಲ್ಲ ಒಮ್ಮೆಲೇ ನುಗ್ಗುತ್ತವೆ. ಹೆಚ್ಚೆಂದರೆ ಒಂದು ತಿಂಗಳು ತಡವಾದರೆ ಸರಿ, ಅದಕ್ಕಿಂತ ಮುಂದೆ ಹೋಗಬಾರದು. ನಿಲ್ಲಿಸಲೇಬೇಕಾದರೆ ಅದರ ಜಾಗಕ್ಕೆ ಸಲೈನೋ ಗುಳಿಗೆಯೋ ಬರಬೇಕು. ಮೊದಲು ಕೊಟ್ಟ ಕಡೆ ಒಬ್ಬರೂ ಇದನ್ನು ಹೇಳಲಿಲ್ಲ. "ಆರು ತಿಂಗಳಿಗೆ ಬನ್ನಿ" ಎಂದರು ಅಷ್ಟೇ. ಗಂಟಲು ನೋವಿಗೂ ಹಾಗೇ ಹೇಳುತ್ತಾರಲ್ಲ?

ಔಷಧಿ ಕೆಟ್ಟದ್ದು ಎನ್ನುತ್ತಿಲ್ಲ. ಕಿಡ್ನಿ ದುರ್ಬಲ ಇದ್ದು ಸಲೈನ್ ಆಗದವರಿಗೆ ಇದನ್ನು ಕೊಡುತ್ತಾರೆ. ಆಗಲೂ ಕ್ಯಾಲ್ಸಿಯಂ ಮೇಲೆ ಕಣ್ಣಿಡಬೇಕು, ಡಯಾಲಿಸಿಸ್ ಇದ್ದರಂತೂ ಅದು ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದರೆ ತಾರೀಖು ತಪ್ಪಿಸುವ ಮನೆಗೆ ಇದು ಹೇಳಿದ್ದಲ್ಲ. ನಮ್ಮದು ತಪ್ಪಿಸುವ ಮನೆ. ಈಗ ಗೊತ್ತಾಯಿತು.

ಸಾಧನಕೇರಿ ಸೊಸೆ, ಧಾರವಾಡ | ಬುಧವಾರ ಬೆಳಿಗ್ಗೆ 9:00

ಓದಿ ಕೈ ನಡುಗಿತು. ಅವ್ವ ಈಗ ಹೇಗಿದ್ದಾರೆ? ನಿಜ ಹೇಳಬೇಕೆಂದರೆ ನಾನು ಇಂಜೆಕ್ಷನ್‌ಗೇ ಮನಸ್ಸು ಮಾಡಿದ್ದೆ, ಜ್ವರ ಇಲ್ಲ ಅಂತ.

ಬ್ಯಾಡಗಿ ಮೆಣಸಿನಕಾಯಿ, ಹಾವೇರಿ ಜಿಲ್ಲೆ | ಬುಧವಾರ ಮಧ್ಯಾಹ್ನ 1:15

ಈಗ ಅಡ್ಡಾಡುತ್ತಾಳೆ. ಮತ್ತೆ ಶುರು ಮಾಡಿದ್ದೇವೆ, ಮೂವರ ಮೊಬೈಲಿನಲ್ಲಿ ಅಲಾರಂ ಇದೆ. ಕೊಡ ಮುಟ್ಟಲು ಬಿಡುವುದಿಲ್ಲ, ಅದಕ್ಕೇ ದಿನಾ ಜಗಳ.

ಹಲ್ಲಿನ ಡಾಕ್ಟರ್, ಧಾರವಾಡ | ಬುಧವಾರ ರಾತ್ರಿ 9:45

ದವಡೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ಆ ವಾಟ್ಸಾಪ್ ಸಂದೇಶ ನನ್ನ ಪೇಷಂಟ್‌ಗಳ ಹತ್ತಿರವೂ ಇದೆ.

ಸುಳ್ಳಲ್ಲ. ಅರ್ಧ ನಿಜ. ಈ ಔಷಧಿ ತೆಗೆದುಕೊಳ್ಳುವವರಲ್ಲಿ ಹಲ್ಲು ಕಿತ್ತ ಜಾಗ ಕೂಡದೆ ದವಡೆ ಎಲುಬು ಹೊರಗೆ ಕಾಣುವ ಒಂದು ತೊಂದರೆ ಇದೆ. ಆದರೆ ಹೆಚ್ಚು ಕಂಡಿರುವುದು ಕ್ಯಾನ್ಸರ್ ರೋಗಿಗಳಲ್ಲಿ. ಅವರಿಗೆ ಜೊಲೆಡ್ರೋನಿಕ್ ಅನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹಚ್ಚುತ್ತಾರೆ. ನಿಮ್ಮ ಅತ್ತೆಗೆ ಹೇಳಿದ್ದು ವರ್ಷಕ್ಕೊಮ್ಮೆ. ಎಲುಬು ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಇದು ವರ್ಷಕ್ಕೆ ಹತ್ತು ಸಾವಿರದಿಂದ ಲಕ್ಷ ಜನರಲ್ಲಿ ಒಬ್ಬರಿಗೆ ಬರುವಂಥದ್ದು.

ಅದನ್ನೂ ತಪ್ಪಿಸಲು ದಾರಿ ಇದೆ. ಶುರು ಮಾಡುವ ಮುಂಚೆ ಬಾಯಿ ತೋರಿಸಿ. ಕೀಳಬೇಕಾದ ಹಲ್ಲು ಇದ್ದರೆ ಮೊದಲೇ ಕಿತ್ತು ಗಾಯ ಮಾಯಲಿ. ಶುರುವಾದ ಮೇಲೆ ಹಲ್ಲು ಸ್ವಚ್ಛ ಮಾಡಿಸುವುದು, ಸಿಮೆಂಟ್ ತುಂಬಿಸುವುದು ಧಾರಾಳವಾಗಿ ಮಾಡಿಸಬಹುದು. ಕೀಳಿಸುವಾಗ ಮಾತ್ರ ಔಷಧಿ ಹೆಸರು ಹೇಳಿ. "ಬಿಪಿ ಗುಳಿಗೆ ಅಷ್ಟೇ ನುಂಗ್ತೀನಿ" ಅನ್ನುವವರೇ ಜಾಸ್ತಿ. ವರ್ಷಕ್ಕೊಮ್ಮೆ ಹಚ್ಚಿಸಿಕೊಂಡ ಸಲೈನ್ ಯಾರಿಗೂ ನೆನಪಿಗೇ ಬರುವುದಿಲ್ಲ.

ಎಲೆ ಅಡಿಕೆ ಬಗ್ಗೆ ನಾನು ಏನೂ ಹೇಳುವುದಿಲ್ಲ. 20 ವರ್ಷ ಹೇಳಿ ಸೋತಿದ್ದೇನೆ. ತಂಬಾಕು ಹಾಕಿಕೊಳ್ಳುತ್ತಿದ್ದರೆ ಅದನ್ನಾದರೂ ಬಿಡಿಸಿ.

ಲಕ್ಷ್ಮೇಶ್ವರದ ಮಗಳು | ಗುರುವಾರ ಬೆಳಿಗ್ಗೆ 10:30

ಎಲ್ಲರೂ ಶುರು ಮಾಡುವ ಬಗ್ಗೆ ಹೇಳುತ್ತಿದ್ದೀರಿ. ನಿಲ್ಲಿಸುವ ಬಗ್ಗೆಯೂ ಯಾರಾದರೂ ಹೇಳಬೇಕು ಅಲ್ವಾ?

ನಮ್ಮ ತಾಯಿಗೆ ವಾರದ ಗುಳಿಗೆ ಹೊಂದಿಕೊಂಡಿತು. ಒಂದೂ ತೊಂದರೆ ಇರಲಿಲ್ಲ. ಅದೇ ಹಳೇ ಚೀಟಿ ತೋರಿಸಿ ಎಂಟು ವರ್ಷ ತಂದು ಕೊಟ್ಟೆವು. ಡಾಕ್ಟರ್ ಬಳಿ ಹೋಗಲೇ ಇಲ್ಲ. ಕೊನೆಯ ಆರು ತಿಂಗಳು ತೊಡೆಯಲ್ಲಿ ಮಂದ ನೋವು, ತೊಡೆಸಂದಿಗೆ ಹತ್ತಿರ. ಸಯಾಟಿಕಾ ಎಂದು ಎಣ್ಣೆ ತಿಕ್ಕಿದೆವು. ಕೊನೆಗೆ ಎಕ್ಸ್‌ರೇ ತೆಗೆಸಿದರೆ ತೊಡೆ ಎಲುಬಿನ ಹೊರಬದಿಯಲ್ಲಿ ಸಣ್ಣ ಬಿರುಕು. ಪೂರ್ತಿ ಮುರಿಯುವ ಮುಂಚೆ ಸಿಕ್ಕಿತು, ರಾಡ್ ಹಾಕಿದರು. ಇನ್ನೊಂದು ಕಾಲಿನದೂ ಎಕ್ಸ್‌ರೇ ತೆಗೆದರು, ಎರಡೂ ಕಡೆ ಆಗುವುದುಂಟಂತೆ.

ಬಹಳ ವರ್ಷ ನುಂಗಿದವರಲ್ಲಿ ಅಪರೂಪಕ್ಕೆ ಹೀಗಾಗುತ್ತದೆ. ಅದಕ್ಕೇ ಗುಳಿಗೆ ಐದು ವರ್ಷ, ಸಲೈನ್ ಮೂರು ವರ್ಷ ಆದ ಮೇಲೆ ಮತ್ತೆ ಲೆಕ್ಕ ಹಾಕಿ, ಅಪಾಯ ಕಡಿಮೆ ಇದ್ದವರಿಗೆ ಕೆಲ ಕಾಲ ಔಷಧಿಗೆ ರಜೆ ಕೊಡುತ್ತಾರೆ. ನಮಗೆ ಐದನೇ ವರ್ಷ ಯಾರಾದರೂ ನೆನಪು ಮಾಡಿದ್ದರೆ! ತಪ್ಪು ನಮ್ಮದೇ.

ಗದಗಿನ ಅಕ್ಕೋರು | ಗುರುವಾರ ಬೆಳಿಗ್ಗೆ 11:10

ನನ್ನ ಮೂರು ಸಲೈನ್ ಮುಗಿದವು. ಈ ವರ್ಷ ಸ್ಕ್ಯಾನ್ ಮಾಡಿ ರಜೆಯ ಮಾತು ತೆಗೆಯುತ್ತೇನೆ ಎಂದಿದ್ದಾರೆ. ಒಳ್ಳೆಯದಾಯಿತು ಹೇಳಿದ್ದು. (ಡೆನೊಸುಮ್ಯಾಬ್‌ಗೆ ಈ ರಜೆ ಅನ್ವಯಿಸುವುದಿಲ್ಲ, ಯಾರೂ ಕಲಸಿಕೊಳ್ಳಬೇಡಿ. ಬ್ಯಾಡಗಿಯವರ ಕಥೆ ಮತ್ತೆ ಓದಿ.)

ಸ್ಕ್ಯಾನ್ ಅಂದಾಗ ನೆನಪಾಯಿತು. ನನ್ನ ಡಾಕ್ಟರ್ ಮೊದಲ ದಿನ ಕೇಳಿದ್ದು "ಬಾಲ್ಯದಲ್ಲಿ ಯಾವ ಊರಿನ ನೀರು ಕುಡಿದಿರಿ?" ಎಂದು. ನಾನು ಮುಂಡರಗಿ ಕಡೆಯವಳು, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಅದು ಎಲುಬಿಗೆ ಸೇರಿದರೆ ಸ್ಕ್ಯಾನ್‌ನಲ್ಲಿ ಎಲುಬು ದಟ್ಟವಾಗಿ ಕಾಣುತ್ತದೆ, ಒಳಗೆ ಗಟ್ಟಿ ಇರುವುದಿಲ್ಲ. ನಮ್ಮ ಜಿಲ್ಲೆಯವರು ಸ್ಕ್ಯಾನ್ ಚೆನ್ನಾಗಿ ಬಂತೆಂದು ಹಿಗ್ಗುವ ಮುಂಚೆ ಇದನ್ನು ಡಾಕ್ಟರ್‌ಗೆ ಹೇಳಿ. ಮತ್ತೆ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಪುಕ್ಕಟೆ ನೋಡುತ್ತಾರಲ್ಲ, ಅದು ಡೆಕ್ಸಾ ಅಲ್ಲ. ಅದನ್ನು ನೋಡಿ ಔಷಧಿ ಶುರು ಮಾಡಬಾರದು, ಬಿಡಲೂಬಾರದು.

ಉಣಕಲ್ ಕೆರೆ ವಾಕರ್, ಹುಬ್ಬಳ್ಳಿ | ಗುರುವಾರ ರಾತ್ರಿ 8:00

ಇಲ್ಲಿ ಗಂಡಸರು ಯಾರೂ ಕಾಣುತ್ತಿಲ್ಲ, ಅದಕ್ಕೆ ಬರೆಯುತ್ತೇನೆ. ನನಗೆ 58. ಸಂಧಿವಾತಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿ ಎಲುಬು ಸವೆಯಿತು. ಬೆನ್ನಿನ ಎರಡು ಮಣಿ ಕುಸಿದ ಮೇಲೆ ಟೆರಿಪ್ಯಾರಟೈಡ್ ಕೊಟ್ಟರು. ದಿನಾ 20 ಮೈಕ್ರೋಗ್ರಾಂ, ಪೆನ್ನಿನಂಥ ಸೂಜಿ, ನಾವೇ ಚುಚ್ಚಿಕೊಳ್ಳುವುದು. ಉಳಿದವು ಸವೆತ ತಡೆದರೆ ಇದು ಹೊಸದಾಗಿ ಕಟ್ಟುತ್ತದೆ. ಸಾಮಾನ್ಯವಾಗಿ ಎರಡು ವರ್ಷ, ಆಮೇಲೆ ಕಟ್ಟಿದ್ದನ್ನು ಉಳಿಸಲು ಬೇರೆ ಔಷಧಿ.

ಮೊದಲ ವಾರ ಚುಚ್ಚಿಕೊಂಡು ಎದ್ದರೆ ತಲೆ ಗಿರ್ ಎನ್ನುತ್ತಿತ್ತು. ಎಲುಬಿಗೆ ಔಷಧಿ ತೆಗೆದುಕೊಂಡು ತಲೆ ತಿರುಗಿ ಬಿದ್ದು ಎಲುಬು ಮುರಿದುಕೊಂಡರೆ ಏನು ಕಥೆ? ಅದಕ್ಕೆ ರಾತ್ರಿ ಮಲಗುವ ಮುಂಚೆ, ಮಂಚದ ಮೇಲೆ ಕುಳಿತೇ ಚುಚ್ಚಿಕೊಳ್ಳಲು ಶುರು ಮಾಡಿದೆ. ಎರಡು ವಾರದಲ್ಲಿ ಸರಿಹೋಯಿತು. ಕಾಲಿನ ಮೀನಖಂಡ ಹಿಡಿಯುವುದು ಮಾತ್ರ ಆಗಾಗ ಇದೆ. ಪೆನ್ ಫ್ರಿಜ್‌ನಲ್ಲೇ ಇರಬೇಕು, ತೆರೆದ 28 ದಿನಕ್ಕೆ ಬಿಸಾಡಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ನನ್ನ ಹೆಂಡತಿ ಮೊಸರಿಗಿಂತ ಮುಂಚೆ ಈ ಪೆನ್ನಿನ ಚಿಂತೆ ಮಾಡುತ್ತಾಳೆ. ದುಬಾರಿಯೂ ಹೌದು.

ಕೆರೆ ದಂಡೆಯ ಅಕ್ಕ, ಹಾವೇರಿ | ಗುರುವಾರ ರಾತ್ರಿ 9:20

ನಡುವೆ ಒಂದು ಸಣ್ಣ ಪ್ರಶ್ನೆ. ನಾನು ಥೈರಾಯ್ಡ್ ಗುಳಿಗೆಯನ್ನೂ ಬೆಳಿಗ್ಗೆ ಬರೀ ಹೊಟ್ಟೆಗೆ ನುಂಗುತ್ತೇನೆ. ಈಗ ಅಲೆಂಡ್ರೊನೇಟ್ ಕೊಟ್ಟಿದ್ದಾರೆ. ಎರಡರಲ್ಲಿ ಯಾವುದು ಮೊದಲು? ಇನ್ನೊಂದು, ಕ್ಯಾಲ್ಸಿಯಂ ಶುರುವಾದಾಗಿನಿಂದ ಹೊಟ್ಟೆ ಕಲ್ಲಾಗಿದೆ.

ಗುಳಿಗೆ ಅಂಗಡಿ, ಹುಬ್ಬಳ್ಳಿ | ಗುರುವಾರ ರಾತ್ರಿ 9:55

ಎರಡನ್ನೂ ಒಟ್ಟಿಗೆ ನುಂಗಬೇಡಿ. ವಾರದಲ್ಲಿ ಒಂದೇ ದಿನದ ಮಾತು ತಾನೇ? ಆ ಒಂದು ದಿನ ಥೈರಾಯ್ಡ್ ಗುಳಿಗೆಯನ್ನು ರಾತ್ರಿ, ಊಟವಾಗಿ ಮೂರು ತಾಸು ಬಿಟ್ಟು ಮಲಗುವಾಗ ನುಂಗಲು ಕೆಲವು ಡಾಕ್ಟರ್ ಹೇಳುತ್ತಾರೆ. ನಿಮ್ಮವರನ್ನು ಕೇಳಿ ಒಂದು ಪದ್ಧತಿ ಮಾಡಿಕೊಳ್ಳಿ, ದಿನಕ್ಕೊಂದು ಬೇಡ. ಕ್ಯಾಲ್ಸಿಯಂ ಮಾತ್ರ ಥೈರಾಯ್ಡ್ ಗುಳಿಗೆಯಿಂದ ಕನಿಷ್ಠ ನಾಲ್ಕು ತಾಸು ದೂರ ಇರಲಿ.

ಹೊಟ್ಟೆ ಕಟ್ಟುವುದು ಕಾರ್ಬೊನೇಟ್ ಜಾತಿಯ ಕ್ಯಾಲ್ಸಿಯಂನಿಂದ ಜಾಸ್ತಿ. ಡಬ್ಬಿ ಮೇಲೆ 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಅದನ್ನು ಊಟದ ಜೊತೆ ನುಂಗಬೇಕು, ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಬೇಡ. ಸಿಟ್ರೇಟ್ ಸ್ವಲ್ಪ ಮೃದು, ಹೊಟ್ಟೆ ಖಾಲಿ ಇದ್ದರೂ ನಡೆಯುತ್ತದೆ. ಊಟದಲ್ಲಿ ಎಷ್ಟು ಹೋಗುತ್ತಿದೆ ಎಂದು ಲೆಕ್ಕ ಹಾಕಿ. ಎರಡು ಹೊತ್ತು ಮೊಸರು, ಎಳ್ಳಿನ ಹಿಂಡಿ ಇದ್ದವರಿಗೆ ಒಂದು ಗುಳಿಗೆ ಸಾಕಾಗಬಹುದು.

ಸಾಧನಕೇರಿ ಸೊಸೆ, ಧಾರವಾಡ | ಮುಂದಿನ ಮಂಗಳವಾರ ರಾತ್ರಿ 8:40

ಇವತ್ತು ಡಾಕ್ಟರನ್ನು ಕಂಡು ಬಂದೆವು. ಚಿಗರಿ ಬಸ್ಸಿನಲ್ಲಿ ಹೋಗುವಾಗ ನಿಮ್ಮ ಮಾತುಗಳನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಬ್ಯಾಡಗಿಯವರ ಅವ್ವನ ಕಥೆಗೆ ಕಣ್ಣಲ್ಲಿ ನೀರು ತಂದರು. ಅಕ್ಕೋರ ಮಿರ್ಚಿ ಭಜಿಗೆ ನಕ್ಕರು.

ಡಾಕ್ಟರ್ ಮುಂದೆ ಮೊದಲ ಬಾರಿಗೆ ಅತ್ತೆಯೇ ಮಾತಾಡಿದರು. ಚಹಾ, ಕೌದಿ, ಎಲ್ಲ ಹೇಳಿದರು. ಡಾಕ್ಟರ್ ಬೈಯಲಿಲ್ಲ. ಊಟ ಸಿಕ್ಕಿಕೊಂಡಂತೆ ಆಗಿತ್ತು ಎಂದ ಮೇಲೆ ಗುಳಿಗೆ ಮತ್ತೆ ಬೇಡ ಎಂದುಬಿಟ್ಟರು. ಕ್ರಿಯಾಟಿನಿನ್ ಚೆನ್ನಾಗಿದೆ. ವಿಟಮಿನ್ ಡಿ ಬರೀ 13. ದಿನಾ ಅಂಗಳದಲ್ಲಿ ಇರುವವರಿಗೆ ಹೇಗೆ ಕಡಿಮೆ ಎಂದು ಕೇಳಿದೆ. ಬೆಳಗಿನ ಐದೂವರೆಗೆ ಅಂಗಳದಲ್ಲಿ ಬಿಸಿಲು ಎಲ್ಲಿದೆ ಎಂದು ಅವರೇ ಕೇಳಿದರು!

ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿ, ಎಂಟು ವಾರ. ಅದು ಮುಗಿದು ರಕ್ತ ಪರೀಕ್ಷೆ ಆದ ಮೇಲೆ ಸಲೈನ್. ಅಷ್ಟರಲ್ಲಿ ಅಲುಗಾಡುವ ಒಂದು ದವಡೆ ಹಲ್ಲು ಕೀಳಿಸಿ ಗಾಯ ಮಾಯಬೇಕು. ಬಚ್ಚಲಿಗೆ ಹಿಡಿಕೆ, ಜಾರದ ಮ್ಯಾಟ್ ಹಾಕಿಸಲು ಹೇಳಿದರು. ಅದನ್ನು ಮೊದಲೇ ಮಾಡಬೇಕಿತ್ತು, ನನಗೇ ನಾಚಿಕೆಯಾಯಿತು.

ಹಳೇ ಹುಬ್ಬಳ್ಳಿ ಹುಡುಗ | ಮುಂದಿನ ಮಂಗಳವಾರ ರಾತ್ರಿ 10:15

ಅಕ್ಕೋರೇ, ಮನೆಯಲ್ಲಿ ಅವ್ವನನ್ನು ಕೇಳಿದೆ. ಅಜ್ಜಿ ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದು ಚಪ್ಪೆ ಮುರಿದು ಅಂತೆ. ನಾನು ಸಣ್ಣವನಿದ್ದೆ, ವಯಸ್ಸಾಗಿ ಅಂತ ತಿಳಿದಿದ್ದೆ. ಅವ್ವನಿಗೆ 61. ಡೆಕ್ಸಾ ಎಲ್ಲಿ ಮಾಡಿಸಬೇಕು ಯಾರಾದರೂ ಹೇಳಿ.

ಸಾಧನಕೇರಿ ಸೊಸೆ, ಧಾರವಾಡ | ಹೋಳಿ ಆದ ವಾರ, ರವಿವಾರ ಸಂಜೆ 5:30

ಸಲೈನ್ ಆಯಿತು! ಗುರುವಾರ ಹಚ್ಚಿದರು. ಮುಂಚೆ ಎರಡು ತಂಬಿಗೆ ನೀರು, ಒಂದು ಪ್ಯಾರಾಸಿಟಮಾಲ್. ರಾತ್ರಿ 100 ಜ್ವರ ಬಂತು, ಶುಕ್ರವಾರ ಮೈ ಕೈ ನೋವು, ಕಣ್ಣೂ ಸ್ವಲ್ಪ ಕೆಂಪಾಗಿತ್ತು. ಕಣ್ಣಿನದು ಹೆಚ್ಚಾದರೆ ತಡಮಾಡದೆ ಬನ್ನಿ ಎಂದಿದ್ದರು, ಶನಿವಾರ ತಾನೇ ಇಳಿಯಿತು. ಅತ್ತೆ ಗಾಬರಿಯಾಗಲಿಲ್ಲ. ನೋಡಲು ಬಂದ ಪಕ್ಕದ ಮನೆಯವರಿಗೆ "ಮೂರು ದಿನ ಇರ್ತದ, ಗದಗಿನ ಅಕ್ಕೋರಿಗೂ ಬಂದಿತ್ತು" ಎಂದು ನಿಮ್ಮ ಪರಿಚಯ ಇದ್ದವರ ಹಾಗೆ ಹೇಳುತ್ತಿದ್ದರು.

ಇವತ್ತು ಎದ್ದು ರಂಗೋಲಿ ಹಾಕಿದರು. ಕುರ್ಚಿ ಮೇಲೆ ಕುಳಿತು, ಉದ್ದ ಕೊಳವೆಯಲ್ಲಿ ಪುಡಿ ತುಂಬಿ. ಎಳೆ ಸೊಟ್ಟ ಬಂದಿವೆ ಎಂದು ಗೊಣಗಿದರು.

ಗುಳಿಗೆ ಅಂಗಡಿ, ಹುಬ್ಬಳ್ಳಿ | ರವಿವಾರ ಸಂಜೆ 7:05

ಬಹಳ ಸಂತೋಷ. ಮುಂದಿನ ವರ್ಷದ ತಾರೀಖು ಈಗಲೇ ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಎಂದರೆ ಮರೆಯುವವರೇ ಜಾಸ್ತಿ.

ಸಾಧನಕೇರಿ ಸೊಸೆ, ಧಾರವಾಡ | ರವಿವಾರ ರಾತ್ರಿ 8:20

ನಾನು ಮೊಬೈಲಿನಲ್ಲಿ ಹಾಕಿದ್ದೇನೆ. ಅತ್ತೆಯ ಲೆಕ್ಕ ಬೇರೆ. "ಕಾಮಣ್ಣನ್ನ ಸುಟ್ಟ ಮ್ಯಾಲೆ ನನಗ ಸಲೈನ್" ಅಂದಿದ್ದಾರೆ.